ಹದಿನಾರು ‘ಪರವಾಗಿಲ್ಲ’

ಜೂನ್ 3

ಪ್ರೀತಿಯ ಮಾವನಿಗೆ ನಮಸ್ಕಾರ.

ಫೋನ್ ಮಾಡಿ ಪ್ರಯೋಜನವಿಲ್ಲ ಎಂದು ಇಬ್ಬರಿಗೂ ಗೊತ್ತು. ಹೋದ ಸಲ ನಾನು “ಮಾತ್ರೆ ತಗೊಂಡ್ರಾ?” ಎಂದು ಕೂಗಿದರೆ ನೀವು “ಹೂಂ, ಅವರೂ ಬಂದಿದ್ರು” ಎಂದಿರಿ. ಯಾರು ಬಂದಿದ್ದರು ಎಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಹಾಗಾಗಿ ನಮಗೆ ಕಾಗದವೇ ಗತಿ.

ಈ ಕಾಗದದ ಜೊತೆ ಒಂದು ಫಾರಂ ಇಟ್ಟಿದ್ದೇನೆ. ವಯಸ್ಸಾದವರ ಮನೆಗಳಿಗೆ ಸಹಾಯಕಿಯರನ್ನು ಕಳಿಸುವ ನಮ್ಮ ಸಂಸ್ಥೆ ಇದೇ ಮೊದಲ ಸಲ ತನ್ನ ಸೇವೆಯ ಗುಣಮಟ್ಟ ಅಳೆಯಲು ಹೊರಟಿದೆ. ಅಳೆಯುವ ಕೆಲಸ ಯಾರ ತಲೆಗೆ ಬಂತು ಹೇಳಿ ನೋಡೋಣ? ನಿಮ್ಮ ಗುಂಡಿಯ ತಲೆಗೆ! “ಟೈಲರ್ ಮನೆಯಲ್ಲಿ ಬೆಳೆದವಳು ನಾನು, ಅಳತೆ ನನಗೆ ಹೇಳಿಕೊಡಬೇಕಾ ಸಾರ್?” ಎಂದು ಮ್ಯಾನೇಜರ್ ಎದುರು ಕೊಚ್ಚಿಕೊಂಡು ಬಂದಿದ್ದೇನೆ. ಮರ್ಯಾದೆ ಉಳಿಸಿ.

ಒಟ್ಟು ಹದಿನಾರು ಪ್ರಶ್ನೆ, ಎಲ್ಲವನ್ನೂ ನಾನೇ ಕೂತು ಬರೆದದ್ದು. ಸಹಾಯಕಿ ಹೇಳಿದ ಹೊತ್ತಿಗೆ ಬರುತ್ತಾಳೆಯೇ, ಸ್ನಾನಕ್ಕೆ ಸರಿಯಾಗಿ ನೆರವಾಗುತ್ತಾಳೆಯೇ, ಮಾತ್ರೆ ಕೊಡುತ್ತಾಳೆಯೇ, ಮನೆ ಸುರಕ್ಷಿತವಾಗಿದೆಯೇ, ಹೀಗೆ. ಒಂದೊಂದರ ಮುಂದೆ ಮೂರು ಚೌಕ: ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಚೆನ್ನಾಗಿಲ್ಲ’. ನಿಮಗೆ ಹೊಂದುವ ಚೌಕದಲ್ಲಿ ಗುರುತು ಹಾಕಿದರಾಯಿತು. ಅತ್ತೆ ಹೋದ ಮೇಲೆ ನೀವು ಒಬ್ಬರೇ ಇರುತ್ತೀರಿ, ಸಹಾಯಕಿಯನ್ನು ನಾನೇ ಹಟ ಮಾಡಿ ನೇಮಿಸಿದೆ. ಆದ್ದರಿಂದ ನನ್ನ ಮುಖ ನೋಡಿ ಗುರುತು ಹಾಕಬೇಡಿ, ಇದ್ದದ್ದು ಇದ್ದ ಹಾಗೆ ಹಾಕಿ.

ಈ ತಿಂಗಳು ಬರಲು ಆಗುವುದಿಲ್ಲ. ಮುಂದಿನ ತಿಂಗಳು ಖಂಡಿತ.

ನಿಮ್ಮ,
ಗುಂಡಿ


ಜೂನ್ 12

ಚಿರಂಜೀವಿ ಗುಂಡಿಗೆ ಆಶೀರ್ವಾದ.

ಫಾರಂ ಬಂತು. ನೀನು ಬರೆದ ಪ್ರಶ್ನೆ ಎಂದು ಎರಡೆರಡು ಸಲ ಓದಿದೆ. ನಿನ್ನ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲಿದೆ ಎಂದೂ ಒಂದು ಪ್ರಶ್ನೆ ಸೇರಿಸಬಹುದಿತ್ತು.

ನೀನು ಕಳಿಸಿದವಳಿಗೆ ನಾನು ಸೂಜಿ ಎಂದು ಹೆಸರಿಟ್ಟಿದ್ದೇನೆ. ಸಣಕಲು ಮೈ, ಚುಚ್ಚುವ ಮಾತು. ಬರುವುದು ಹತ್ತು ನಿಮಿಷ ತಡ. ದಿನವೂ ಹತ್ತೇ ನಿಮಿಷ, ಅದರಲ್ಲಿ ಮಾತ್ರ ಒಂದು ದಿನವೂ ತಪ್ಪಿಲ್ಲ. ಬಾಯಿಗೆ ಬೀಗವಿಲ್ಲ. ನನಗೆ ಕಿವಿ ಕೇಳಿಸದು ಎಂದು ಗೊತ್ತಿದ್ದೂ ತನ್ನ ಗಂಡನ ಕಥೆ, ಅತ್ತೆಯ ಕಥೆ ಎಲ್ಲ ಹೇಳುತ್ತಾಳೆ. “ನಿಮಗೆ ಕೇಳ್ಸಲ್ಲ ಅಂತಾನೇ ಹೇಳ್ತೀನಿ ಅಜ್ಜ” ಎಂದು ನನ್ನ ಕಿವಿಯ ಹತ್ತಿರವೇ ಬಂದು ಕಿರುಚುತ್ತಾಳೆ. ಕೆಲಸ ಮಾಡುವಾಗ ಹಾಡುತ್ತಾಳಂತೆ, ಕೆಳಗಿನ ಮನೆಯವರು ಹೇಳಿದರು. ಅದು ಕೇಳಿಸದಿರುವುದು ನನ್ನ ಪುಣ್ಯ. ಚಹಾಕ್ಕೆ ಸಕ್ಕರೆ ಹಾಕದೆ ಹಾಕಿದ್ದೇನೆ ಎಂದು ಸುಳ್ಳು ಹೇಳುತ್ತಾಳೆ.

ಬಾಗಿಲ ಬೆಲ್ ನನಗೆ ಕೇಳಿಸದು ಎಂದು ಎಲ್ಲಿಂದಲೋ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಹಿಡಿದು ತಂದಳು. ಈಗ ಬೆಲ್ ಒತ್ತಿದರೆ ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಬೇರೆಯವರು ಒಂದು ಸಲ ಒತ್ತುತ್ತಾರೆ, ಇವಳು ಮೂರು ಸಲ. ದೀಪ ಕೆಟ್ಟಿದೆಯೋ ಇಲ್ಲವೋ ನೋಡಲಂತೆ.

ಕಣ್ಣು ಮಂಜು, ಕೈ ನಡುಕ. ಆದರೂ ಕೈಯಲ್ಲಿ ಒಂದು ಕೆಲಸವಿದೆ, ಚಳಿಗೆ ಮುಂಚೆ ಮುಗಿಯಬೇಕು. ಏನೆಂದು ಕೇಳಬೇಡ. ನಿನ್ನ ತೋಳಿನ ಅಳತೆ ಮಾತ್ರ ಬರೆದು ಕಳಿಸು, ಭುಜದ ಮೂಳೆಯಿಂದ ಮಣಿಕಟ್ಟಿನವರೆಗೆ.

ಫಾರಂ ತುಂಬಿದ್ದೇನೆ. ಹದಿನಾರಕ್ಕೂ ಒಂದೇ ಉತ್ತರ. ಹಿಂದೆ ಮುಂದೆ ನೋಡಿ ಕಳಿಸಿದ್ದೇನೆ, ನೀನೂ ಹಿಂದೆ ಮುಂದೆ ನೋಡಿಯೇ ಓದು.

ನಿನ್ನ ಮಾವ


ಜುಲೈ 8

ಪ್ರೀತಿಯ ಮಾವನಿಗೆ,

ಉತ್ತರ ತಡವಾಯಿತು, ಬೈಯಬೇಡಿ. ಸಾವಿರದ ಚಿಲ್ಲರೆ ಫಾರಂಗಳು ಒಟ್ಟಿಗೆ ಬಂದು ಬಿದ್ದವು, ತಲೆ ಎತ್ತಲು ಪುರುಸೊತ್ತಿಲ್ಲ. ಎಲ್ಲವನ್ನೂ ಯಂತ್ರ ಸ್ಕ್ಯಾನ್ ಮಾಡಿ ಅಂಕ ಕೂಡಿಸಿ ಕೊಡುತ್ತದೆ, ನಾನು ಒಟ್ಟು ಅಂಕ ನೋಡಿ ತೀರ್ಮಾನ ಮಾಡಬೇಕು. ಮೂವತ್ತೆರಡಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಬಂದ ಮನೆಗಳಲ್ಲಿ ಸಹಾಯಕಿಯನ್ನು ಬದಲಾಯಿಸುವುದು ಎಂದು ನಾನೇ ನಿಯಮ ಮಾಡಿಸಿದೆ. ನಲವತ್ತೊಂದು ಮನೆ ಸಿಕ್ಕವು. ಮೊದಲೆಲ್ಲ ದೂರು ಬಂದರೆ ಫೈಲಿನ ಕೆಳಗೆ ಫೈಲು ಸೇರುತ್ತಿತ್ತು, ಈಗ ವಾರದೊಳಗೆ ಬದಲಾವಣೆ. ಮ್ಯಾನೇಜರ್ ಎಲ್ಲರೆದುರು ನನ್ನ ಹೆಸರು ಹೇಳಿದರು.

ನಲವತ್ತೊಂದರಲ್ಲಿ ನಿಮ್ಮ ಮನೆಯೂ ಇತ್ತು ಮಾವ. ಸೂಜಿಯ ಹೆಸರು ಕಂಡಾಗ ಒಂದು ಕ್ಷಣ ಪೆನ್ನು ನಿಂತಿತು. ಆಮೇಲೆ ನಿಮ್ಮ ಕಾಗದ ನೆನಪಾಯಿತು: ದಿನವೂ ತಡ, ಬಾಯಿಬಡುಕಿ, ಸಕ್ಕರೆಯ ಸುಳ್ಳು ಬೇರೆ. ನನ್ನ ಮುಖ ನೋಡದೆ ಇದ್ದದ್ದು ಇದ್ದ ಹಾಗೆ ಬರೆದಿರಲ್ಲ, ಮೆಚ್ಚಿದೆ. ಸಹಿ ಹಾಕಿಬಿಟ್ಟೆ. ಹೊಸಬಳು ತರಬೇತಿಯಲ್ಲಿ ಮೊದಲ ಸ್ಥಾನ ಬಂದವಳು, ನಿಮಗೆಂದೇ ಆರಿಸಿದ್ದೇನೆ.

ಈಗ ನೆಮ್ಮದಿಯಾಗಿ ಸಕ್ಕರೆ ಹಾಕಿದ ಚಹಾ ಕುಡಿಯಿರಿ. ಅರ್ಧ ಚಮಚ ಮಾತ್ರ.

ನಿಮ್ಮ,
ಗುಂಡಿ


ಜುಲೈ 19

ಗುಂಡಿ,

ನಿನ್ನ ಕಾಗದಕ್ಕಿಂತ ಮೊದಲೇ ಹೊಸಬಳು ಬಂದಳು. ಎಂಟಕ್ಕೆ ಬರುತ್ತಾಳೆ, ಎಂಟೂ ಮುಕ್ಕಾಲಿಗೆ ಹೋಗುತ್ತಾಳೆ. ಗೋಡೆ ಗಡಿಯಾರವನ್ನು ಅವಳನ್ನು ನೋಡಿ ಸರಿ ಮಾಡಿಕೊಳ್ಳಬಹುದು.

ಎರಡು ವಿಷಯ ಕೇಳಬೇಕಿತ್ತು. ನಿಮ್ಮ ಆಫೀಸಿನಲ್ಲಿ ನಡುವಿನ ಚೌಕಕ್ಕೆ ಏನು ಅರ್ಥ? ಸೂಜಿಯನ್ನು ಎಲ್ಲಿಗೆ ಕಳಿಸಿದಿರಿ?

ತೋಳಿನ ಅಳತೆ ಬರಲಿಲ್ಲ.

ಮಾವ


ಜುಲೈ 27

ಪ್ರೀತಿಯ ಮಾವನಿಗೆ,

ಇಷ್ಟು ಚಿಕ್ಕ ಕಾಗದ ನೀವು ಯಾವತ್ತೂ ಬರೆದವರಲ್ಲ. ಮೈ ಹುಷಾರಿದೆ ತಾನೆ?

ನಡುವಿನ ಚೌಕ ಅಂದರೆ ಅಷ್ಟಕ್ಕಷ್ಟೆ ಎಂದು. ‘ಚೆನ್ನಾಗಿದೆ’ಗೆ ಎರಡು ಅಂಕ, ‘ಪರವಾಗಿಲ್ಲ’ಕ್ಕೆ ಒಂದು, ಇನ್ನೊಂದಕ್ಕೆ ಸೊನ್ನೆ. ಎಲ್ಲವೂ ನಡುವಿನದ್ದಾದರೆ ಹದಿನಾರು, ಅಂದರೆ ಹೇಗೋ ನಡೆಯುತ್ತಿದೆ, ಸುಧಾರಿಸಬೇಕು ಎಂದು. ನೀವು ಯಾವುದಕ್ಕೆ ಗುರುತು ಹಾಕಿದ್ದಿರಿ ಮಾವ? ಯಾಕೆ ಕೇಳಿದಿರಿ?

ಸೂಜಿಯನ್ನು ಊರಿನ ಆ ತುದಿಗೆ ಹಾಕಿದ್ದಾರೆ. ಮೊದಲು ಒಂದು ವಾರ ಮರುತರಬೇತಿ ಇರುತ್ತದೆ, ಅದು ಶಿಕ್ಷೆ ಅಲ್ಲ.

ತೋಳಿನ ಅಳತೆ ಯಾಕೆ? ನನಗೆ ಬಟ್ಟೆ ಹೊಲಿಯುವ ಕಷ್ಟ ಬೇಡ ಮಾವ. ಈಗೆಲ್ಲ ಸಿದ್ಧ ಉಡುಪು ಬೇಕಾದ ಅಳತೆಯಲ್ಲಿ ಸಿಗುತ್ತದೆ, ನಡುಗುವ ಕೈಯಲ್ಲಿ ಯಾಕೆ ಒದ್ದಾಡುತ್ತೀರಿ? ವಿಶ್ರಾಂತಿ ತೆಗೆದುಕೊಳ್ಳಿ.

ನಿಮ್ಮ,
ಗುಂಡಿ


ಆಗಸ್ಟ್ 4

ಗುಂಡಿ,

ಒಂಬತ್ತು ವರ್ಷದವಳಿದ್ದೆ ನೀನು, ನಿನ್ನ ಅಮ್ಮ ಹೋದಾಗ. ಅವತ್ತಿನಿಂದ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಡಬ್ಬಿಯ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದೆ, ಅದಕ್ಕೇ ಗುಂಡಿ ಎಂದು ಕರೆದೆ. ಅಂಗಿಯ ಗುಂಡಿ ಎಂದುಕೊಂಡಿದ್ದೆ. ನೀನು ನೆಲದಲ್ಲಿ ತೋಡುವ ಗುಂಡಿಯಾದೆ, ಒಬ್ಬಳನ್ನು ಬೀಳಿಸಿದೆ.

ಹದಿಮೂರು ವರ್ಷ ಆ ಮೂಲೆಯಲ್ಲಿ ಕೂತಿದ್ದೆಯಲ್ಲ, ನನ್ನ ಬಾಯಲ್ಲಿ ಒಳ್ಳೆಯ ಕೆಲಸಕ್ಕೆ ‘ಚೆನ್ನಾಗಿದೆ’ ಎಂಬ ಮಾತು ಒಂದು ಸಲವಾದರೂ ಕೇಳಿದ್ದೆಯಾ? ನೆನಪು ಮಾಡಿಕೊ. ಕೆಲಸಗಾರ ಹೊಲಿದು ತಂದದ್ದನ್ನು ಮೊದಲು ಉಲ್ಟಾ ಮಾಡುತ್ತಿದ್ದೆ. ಹೊರಗೆ ಯಾರು ಬೇಕಾದರೂ ಅಂದ ಮಾಡುತ್ತಾರೆ. ಒಳಗಿನ ಹೊಲಿಗೆಯೂ ಹೊರಗಿನಷ್ಟೇ ಶುಚಿ ಇದ್ದರೆ ‘ಪರವಾಗಿಲ್ಲ’ ಎನ್ನುತ್ತಿದ್ದೆ. ಅದನ್ನು ಕೇಳಿದವನು ಅವತ್ತಿಡೀ ಶಿಳ್ಳೆ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನೀನು ಮೊದಲ ಸಲ ತೋಳು ಕೂಡಿಸಿದ ದಿನ ನಿನಗೂ ಅಂದಿದ್ದೆ. ಓಡಿ ಹೋಗಿ ಅತ್ತೆಯನ್ನು ತಬ್ಬಿಕೊಂಡು ಅತ್ತವಳು ನೀನೇ ತಾನೆ?

‘ಚೆನ್ನಾಗಿದೆ’ ಎನ್ನುವುದು ಗಿರಾಕಿಗೆ ಹೇಳುವ ಮಾತು. ತಾನೇ ಬಟ್ಟೆ ಕೆಡಿಸಿಕೊಂಡು ಬಂದು ಹಲ್ಲು ಕಿಸಿಯುವವನಿಗೆ ಇನ್ನೇನು ಹೇಳುವುದು? ಇನ್ನು ತಿದ್ದಿ ಉಪಯೋಗವಿಲ್ಲ, ಹೋಗಿ ಬಾ ಎಂದು ಅದರ ಅರ್ಥ.

ಹದಿನಾರು ಪ್ರಶ್ನೆಗೆ ಹದಿನಾರು ‘ಪರವಾಗಿಲ್ಲ’ ಹಾಕಿದೆ. ನಲವತ್ತು ವರ್ಷದಲ್ಲಿ ಯಾರಿಗೂ ಒಟ್ಟಿಗೆ ಅಷ್ಟು ಕೊಟ್ಟವನಲ್ಲ ನಾನು. ಹಿಂಬದಿಯಲ್ಲೂ ಬರೆದಿದ್ದೆ. ಅದನ್ನು ಓದಿದವರು ಯಾರು?

ಹೊಸಬಳ ಮೇಲೆ ನನಗೆ ಕೋಪವಿಲ್ಲ, ಅವಳು ನಿನ್ನ ಪಟ್ಟಿ ಹಿಡಿದು ನಡೆಯುತ್ತಾಳೆ. ಹನ್ನೊಂದನೆಯ ಪ್ರಶ್ನೆ ನೀನೇ ಬರೆದದ್ದಲ್ಲವೇ, ‘ಚೂಪಾದ ವಸ್ತುಗಳು ಹಿರಿಯರ ಕೈಗೆ ಸಿಗದಂತೆ ಇವೆಯೇ’ ಎಂದು? ಬಂದ ಮೊದಲ ದಿನವೇ ನನ್ನ ಸೂಜಿ, ಕತ್ತರಿ ಎಲ್ಲ ಕಪಾಟಿನ ನೆತ್ತಿಗೆ ಹೋದವು. ಕೈ ಎತ್ತಿದರೆ ಸಿಗುತ್ತವೆ, ಆದರೆ ನನ್ನ ಕೈ ಅಷ್ಟು ಮೇಲೆ ಹೋಗುವುದಿಲ್ಲ.

ಮಾವ


ಆಗಸ್ಟ್ 13

ಮಾವ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಒಡೆದೆ. ಓದಿ ಮುಗಿಸಿ ಸೀದಾ ಕೆಳಗಿನ ದಾಸ್ತಾನು ಕೋಣೆಗೆ ಹೋದೆ. ಸ್ಕ್ಯಾನ್ ಆದ ಫಾರಂಗಳನ್ನು ಅಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದಾರೆ. ಹನ್ನೊಂದು ಪೆಟ್ಟಿಗೆ ಇಳಿಸಿದ ಮೇಲೆ ನಿಮ್ಮದು ಸಿಕ್ಕಿತು. ನಮ್ಮ ಯಂತ್ರ ಮುಂಬದಿಯನ್ನು ಮಾತ್ರ ಓದುತ್ತದೆ ಮಾವ. ಹಿಂಬದಿ ಖಾಲಿ ಇರುತ್ತದೆ ಎಂದು ನಾನೇ ಹೇಳಿದ್ದೆ. ನೀವು ‘ಹಿಂದೆ ಮುಂದೆ ನೋಡಿ ಓದು’ ಎಂದದ್ದನ್ನು ಮಾತಿಗೆ ಹೇಳುವ ಮಾತು ಎಂದುಕೊಂಡೆ.

ತಿರುಗಿಸಿದೆ. ನಿಮ್ಮ ಅಂಗಡಿಯ ಚೀಟಿಯ ಅಕ್ಷರ, ಸಾಲು ಮಾತ್ರ ಸ್ವಲ್ಪ ನಡುಗಿದೆ:

‘ಉಲ್ಟಾ ಮಾಡಿ ನೋಡಿದ್ದೇನೆ, ಒಳಗೂ ಶುಚಿ ಇದೆ. ಬೆಳಿಗ್ಗೆ ಹೊರಡುವ ಮುಂಚೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ಸೂಜಿ ಚುಚ್ಚುವ ಪುಟ್ಟ ದಿಂಬಿಗೆ ಸಿಕ್ಕಿಸಿಟ್ಟು ಹೋಗುತ್ತಾಳೆ. ನಾನು ಕೇಳಿದ್ದಲ್ಲ. ಸೂಜಿ ಕಣ್ಣಿಗೆ ದಾರ ಹೋಗದೆ ನಾನು ಒದ್ದಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಳು. ಯಾವ ಬಟ್ಟೆಗೆ ಯಾವ ಬಣ್ಣ ಎಂದು ತಾನೇ ನೋಡಿ ಪೋಣಿಸುತ್ತಾಳೆ. ಅದಕ್ಕೇ ಬೇರೆ ಮನೆ ಮುಗಿಸಿ ಬರುವಾಗ ತಡವಾದರೂ ಇಲ್ಲಿಂದ ಬೇಗ ಹೊರಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಚೌಕವಿಲ್ಲ. ಇವಳನ್ನು ಬದಲಾಯಿಸಬೇಡಿ.’

ಪೆಟ್ಟಿಗೆಗಳ ನಡುವೆ ಕೂತು ಅತ್ತುಬಿಟ್ಟೆ. ತೋಳು ಕೂಡಿಸಿದ ದಿನ ನೆನಪಾಯಿತು. ಹೇಗೆ ಮರೆತೆ ಮಾವ? ಮರೆತಿರಲಿಲ್ಲ. ಆಫೀಸಿನ ಕುರ್ಚಿಯಲ್ಲಿ ಕೂತರೆ ನಮ್ಮ ಮನೆಯ ಮಾತು ತಲೆಗೇ ಬರುವುದಿಲ್ಲ, ಅಷ್ಟೆ. ಇದು ಸಮಾಧಾನಕ್ಕೆ ಹೇಳುತ್ತಿರುವುದಲ್ಲ.

ಅವತ್ತೇ ಮ್ಯಾನೇಜರ್ ಹತ್ತಿರ ಹೋದೆ. “ಒಬ್ಬರ ಮಾವನಿಗೋಸ್ಕರ ನಲವತ್ತೊಂದು ಆದೇಶ ತಿರುಗಿಸೋಕಾಗುತ್ತೇನಮ್ಮ? ನಿಯಮ ಮಾಡಿದ್ದು ನೀವೇ ಅಲ್ವಾ?” ಎಂದರು. ಒಂದು ಕೆಲಸ ಮಾತ್ರ ಮಾಡಿಸಿದೆ. ನಿಮ್ಮ ಮನೆಯ ಪಟ್ಟಿಯಲ್ಲಿ ‘ಹನ್ನೆರಡು ಸೂಜಿಗಳಿಗೆ ದಾರ ಪೋಣಿಸುವುದು’ ಎಂದು ಹದಿನೇಳನೆಯ ಸಾಲು ಸೇರಿಸಿದ್ದೇನೆ. ಸೂಜಿ, ಕತ್ತರಿ ಕೆಳಗಿಳಿಸಲು ಹೇಳಿದ್ದೇನೆ. ಹೊಸಬಳು ನಾಳೆಯಿಂದಲೇ ಮಾಡುತ್ತಾಳೆ.

ನಿಮ್ಮ ಸೂಜಿಯನ್ನು ಹುಡುಕುತ್ತೇನೆ.

ಗುಂಡಿ


ಆಗಸ್ಟ್ 30

ಗುಂಡಿಗೆ ಆಶೀರ್ವಾದ.

ಬೈದದ್ದು ಹೆಚ್ಚಾಯಿತು. ಕಿವುಡರಿಗೆ ತಮ್ಮ ದನಿ ಎಷ್ಟು ಏರಿದೆ ಎಂದು ಗೊತ್ತಾಗುವುದಿಲ್ಲ, ಕಾಗದದಲ್ಲೂ ಹಾಗೇ ಆಯಿತೋ ಏನೋ. ಅಳಬೇಡ.

ಹೊಸಬಳು ನಿನ್ನ ಹದಿನೇಳನೆಯ ಸಾಲು ಪಾಲಿಸುತ್ತಿದ್ದಾಳೆ. ದಿನವೂ ಹನ್ನೆರಡು ಸೂಜಿ, ಹನ್ನೆರಡಕ್ಕೂ ಬಿಳಿ ದಾರ. ನನ್ನ ಕೈಯಲ್ಲಿರುವುದು ಕಡುನೀಲಿ ಬಟ್ಟೆ. “ನೀಲಿ ದಾರ ಹಾಕ್ತೀಯಾ ಮಗಾ?” ಎಂದು ಕೇಳಿದೆ. ಪಟ್ಟಿ ತೆಗೆದು ನನ್ನ ಕನ್ನಡಕದ ಎದುರು ಹಿಡಿದಳು, “ಬಣ್ಣ ಬರ್ದಿಲ್ಲ ತಾತ” ಎಂದಳು. ನಿಜ, ಬರೆದಿಲ್ಲ. ಚೌಕಕ್ಕೆ ಗುರುತು ಹಾಕಿ ಎಂಟೂ ಮುಕ್ಕಾಲಿಗೆ ಹೊರಟಳು. ನಗು ಬಂತು. ಸೂಜಿ ಇದ್ದಿದ್ದರೆ ಇದನ್ನು ಹೇಳಿ ಇಬ್ಬರೂ ನಗಬಹುದಿತ್ತು.

ನೀನು ನಾಳೆ ಬಣ್ಣವನ್ನೂ ಪಟ್ಟಿಗೆ ಸೇರಿಸುತ್ತೀಯ ಎಂದು ಗೊತ್ತು. ಬೇಡ, ಅದು ಹೇಳಿ ಮಾಡಿಸಿಕೊಳ್ಳುವ ಕೆಲಸವಲ್ಲ.

ಬಿಳಿ ದಾರ ಆಮೇಲೆ ಬಿಚ್ಚಿ ತೆಗೆಯುವ ಕಚ್ಚಾ ಹೊಲಿಗೆಗೆ ಬರುತ್ತದೆ. ಸದ್ಯಕ್ಕೆ ಅಷ್ಟು ನಡೆಸಿದ್ದೇನೆ.

ಮಾವ


ಸೆಪ್ಟೆಂಬರ್ 15

ಪ್ರೀತಿಯ ಮಾವನಿಗೆ,

ಸೂಜಿ ಸಿಕ್ಕಿದಳು. ನಿಮ್ಮ ಊರಿಗೇ ಬಂದಿದ್ದೆ, ನಿಮ್ಮ ಮನೆಗೆ ಬರಲಿಲ್ಲ. ಅವಳನ್ನು ಕರೆದುಕೊಂಡೇ ಬಂದು ಮುಖ ತೋರಿಸಬೇಕು ಎಂದುಕೊಂಡಿದ್ದೆ, ಅದು ಆಗಲಿಲ್ಲ. ಒಬ್ಬಳೇ ಬರಲು ಧೈರ್ಯ ಸಾಲದೆ ಸಂಜೆಯ ಬಸ್ಸು ಹತ್ತಿದೆ. ಕ್ಷಮಿಸಿ.

ಅವಳು ನಮ್ಮ ಕೆಲಸ ಬಿಟ್ಟು ಒಂದು ಬಟ್ಟೆ ಕಾರ್ಖಾನೆ ಸೇರಿದ್ದಾಳೆ, ಕಾಲರ್ ಹೊಲಿಯುವ ಸಾಲಿನಲ್ಲಿ. “ಅಜ್ಜ ಕಲ್ಸಿದ ಹೊಲಿಗೇನೇ ಅನ್ನ ಹಾಕ್ತಿದೆ” ಎಂದಳು. ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ನಿಂತು ಮಾತಾಡಿದೆವು. ನಾನು ಯಾರೆಂದು ಹೇಳಿ ತಪ್ಪಾಯಿತು ಎಂದೆ. ಬೈಯುತ್ತಾಳೆ ಎಂದು ಕಾದಿದ್ದೆ, ಬೈಯಲಿಲ್ಲ.

“ಮರುತರಬೇತೀಲಿ ಫಾರಂ ತೋರ್ಸಿದ್ರು ಮೇಡಂ. ಹದಿನಾರೂ ಪರವಾಗಿಲ್ಲ! ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಅಜ್ಜ ನಂಗೆ ಅಲ್ಲೀವರೆಗೂ ಎರಡೇ ಸಲ ಹಾಗಂದಿದ್ದು. ಇದು ಕಡಿಮೆ ಮಾರ್ಕ್ಸು ಅಂದ್ರು. ನಿಮಗೆ ಅಜ್ಜ ಗೊತ್ತಿಲ್ಲ ಬಿಡಿ ಅಂದೆ. ಎಲ್ರೂ ನಕ್ಕುಬಿಟ್ರು.”

ಏಳು ತಿಂಗಳು ನಿಮ್ಮ ಜೊತೆ ಇದ್ದವಳಿಗೆ ಅದು ಗೊತ್ತಿತ್ತು ಮಾವ.

ವಾಪಸ್ ಬನ್ನಿ, ಏನಾದರೂ ಮಾಡಿ ಆದೇಶ ತಿರುಗಿಸುತ್ತೇನೆ ಎಂದೆ. “ಬೇಡ ಮೇಡಂ. ಇಲ್ಲಿ ಕಾಲರ್ ಸರಿ ಇಲ್ಲ ಅಂದ್ರೆ ಕಾಲರ್ ವಾಪಸ್ ಬರುತ್ತೆ, ನನ್ನನ್ನ ವಾಪಸ್ ಕಳ್ಸಲ್ಲ” ಎಂದಳು. ಆಮೇಲೆ ನಿಮ್ಮ ಸೂಜಿಗೆ ಈಗ ಯಾರು ದಾರ ಪೋಣಿಸುತ್ತಾರೆ ಎಂದು ಕೇಳಿದಳು. ಹೊಸಬಳು ಎಂದಷ್ಟೇ ಹೇಳಿ ಬಿಳಿ ದಾರದ ವಿಷಯ ಮುಚ್ಚಿಟ್ಟೆ.

ಜುಲೈ ಕೊನೆಯ ಭಾನುವಾರ ನಿಮ್ಮನ್ನು ನೋಡಲು ಬಂದಿದ್ದಳಂತೆ, ಎರಡು ಬಸ್ಸು ಬದಲಾಯಿಸಿಕೊಂಡು. ಮೂರು ಸಲ ಬೆಲ್ ಒತ್ತಿದಳಂತೆ. “ಅಜ್ಜನಿಗೆ ಕೇಳ್ಸಿಲ್ಲ ಅನ್ಸುತ್ತೆ. ದೀಪ ಕೆಟ್ಟಿರಬೇಕು, ಸ್ವಲ್ಪ ನೋಡ್ಸಿ ಮೇಡಂ” ಎಂದಳು. ಎಲೆಕ್ಟ್ರಿಷಿಯನ್‌ನನ್ನು ಕಳಿಸಲು ಏರ್ಪಾಡು ಮಾಡುತ್ತೇನೆ.

ಗುಂಡಿ


ಸೆಪ್ಟೆಂಬರ್ 27

ಗುಂಡಿ,

ಎಲೆಕ್ಟ್ರಿಷಿಯನ್ ಬೇಡ. ದೀಪ ಕೆಟ್ಟಿಲ್ಲ.

ಆ ಭಾನುವಾರ ನಾನು ಯಂತ್ರದ ಮುಂದೆಯೇ ಕೂತಿದ್ದೆ. ಎದುರಿನ ಗೋಡೆಯಲ್ಲಿ ಕೆಂಪು ದೀಪ ಮೂರು ಸಲ ಹತ್ತಿತು. ಯಾರೆಂದು ತಿಳಿಯಲು ಬಾಗಿಲು ತೆಗೆಯಬೇಕಾಗಿರಲಿಲ್ಲ. ಎದ್ದು ನಿಂತೆ, ಕುರ್ಚಿಯ ಬೆನ್ನು ಹಿಡಿದು ಬಾಗಿಲ ಕಡೆ ಎರಡು ಹೆಜ್ಜೆಯನ್ನೂ ಹಾಕಿದೆ. ನಾನು ಫಾರಂನಲ್ಲಿ ಹಾಕಿದ ಗುರುತಿನಿಂದ ಅವಳಿಗೆ ಈ ಮನೆಯ ಕೆಲಸ ಹೋಯಿತು, ಏನೆಂದು ಮುಖ ತೋರಿಸಲಿ? ತಪ್ಪಾಯಿತು ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಅಲ್ಲೇ ನಿಂತಿದ್ದೆ. ದೀಪ ಮತ್ತೆ ಹತ್ತಿದರೆ ತೆಗೆಯುತ್ತೇನೆ ಎಂದುಕೊಂಡೆ. ಹತ್ತಲಿಲ್ಲ.

ದೀಪ ಹಾಕಿಸಿದವಳು ಅವಳು. ಅದು ಕೆಟ್ಟಿಲ್ಲ ಎಂದು ಅವಳಿಗೆ ಗೊತ್ತಿತ್ತು ಗುಂಡಿ. ನಿನ್ನ ಹತ್ತಿರ ನನ್ನ ಮಾನ ಉಳಿಸಿದ್ದಾಳೆ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎನ್ನುತ್ತಿದ್ದಳಲ್ಲ, ಅದೇ ಜಾತಿಯ ಸುಳ್ಳು.

ಊರಿಗೆ ಬಂದು ಮನೆಗೆ ಬರದೆ ಹೋದೆ ಎಂದು ನಿನ್ನನ್ನು ಬೈಯಲು ಕೂತಿದ್ದೆ. ಬಾಗಿಲು ತೆಗೆಯದವನು ಯಾವ ಬಾಯಲ್ಲಿ ಬೈಯಲಿ?

ಇದರ ಜೊತೆ ಒಂದು ಪಾರ್ಸೆಲ್ ಬರುತ್ತದೆ. ನಿನ್ನ ಅಮ್ಮನ ಕೋಟು. ನನ್ನ ತಂಗಿಗೆ ನಾನೇ ಹೊಲಿದು ಕೊಟ್ಟದ್ದು, ನನ್ನ ಹತ್ತಿರವೇ ಉಳಿದಿತ್ತು. ಹೊರಮೈ ಮಾಸಿತ್ತು, ಒಳಮೈ ಹೊಸದರ ಹಾಗೇ ಇತ್ತು. ಎಲ್ಲ ಹೊಲಿಗೆ ಬಿಚ್ಚಿ ಒಳಗಿನದು ಹೊರಗೆ ಬರುವಂತೆ ತಿರುಗಿಸಿ ಹೊಲಿಯುತ್ತಿದ್ದೆ. ಸೂಜಿ ಇದ್ದಾಗ ಬಿಚ್ಚುವ ಕೆಲಸ ಅವಳೂ ಮಾಡಿದ್ದಾಳೆ. ಬೆನ್ನು, ಕಾಲರ್, ಬಲತೋಳು ಮುಗಿದಿದೆ. ಎಡತೋಳು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ನಿಂತಿದೆ. ಅಳತೆ ನೀನು ಕಳಿಸಲಿಲ್ಲ, ಅಂದಾಜಿನಲ್ಲಿ ಇಟ್ಟೆ. ಉದ್ದವಾದರೆ ಮಡಚಿಕೊ. ಇನ್ನು ನನ್ನ ಕೈಯಲ್ಲಿ ಆಗದು. ಯಂತ್ರಕ್ಕೆ ಮುಸುಕು ಹಾಕಿಸಿದ್ದೇನೆ.

ಮಾವ


ನವೆಂಬರ್ 15

ಮಾವ,

ಕೋಟು ಸಿಕ್ಕಿತು ಎಂದು ಬರೆದೆ, ಉತ್ತರವಿಲ್ಲ. ಸಕ್ಕರೆ ಎಷ್ಟು ಚಮಚ ಹಾಕುತ್ತಿದ್ದಾರೆ ಎಂದು ಜಗಳ ತೆಗೆಯುವ ಹಾಗೆ ಇನ್ನೊಂದು ಬರೆದೆ, ಅದಕ್ಕೂ ಇಲ್ಲ. ಹೊಸಬಳಿಗೆ ಫೋನ್ ಮಾಡಿದರೆ “ತಾತ ಆರಾಮಾಗಿದ್ದಾರೆ ಮೇಡಂ, ಒಂದೂ ತಕರಾರಿಲ್ಲ, ಹೇಳಿದ್ದಕ್ಕೆಲ್ಲ ಹೂಂ ಅಂತಾರೆ” ಎಂದಳು. ನಿಮ್ಮ ಬಗ್ಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಹೋದ ವಾರ ಎರಡನೆಯ ಸುತ್ತಿನ ಫಾರಂಗಳು ಬಂದವು. ಯಂತ್ರಕ್ಕೆ ಹೋಗುವ ಮೊದಲೇ ನಿಮ್ಮದನ್ನು ಹುಡುಕಿ ತೆಗೆದೆ. ಈ ಸಲವೂ ಹದಿನಾರಕ್ಕೂ ಒಂದೇ ಉತ್ತರ. ಹದಿನಾರಕ್ಕೂ ‘ಚೆನ್ನಾಗಿದೆ’.

ಎರಡೆರಡು ಸಲ ಎಣಿಸಿದೆ. ಆಮೇಲೆ ಹಿಂದೆ ತಿರುಗಿಸಿದೆ. ಏನೂ ಇರಲಿಲ್ಲ. ಪೆನ್ಸಿಲಿನಲ್ಲಿ ಏನಾದರೂ ಬರೆದು ಅಳಿಸಿರಬಹುದೆಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಲ್ಲ.

ಆಫೀಸಿನಲ್ಲಿ ಸಂಭ್ರಮ ಮಾವ. ಸಹಾಯಕಿಯನ್ನು ಬದಲಾಯಿಸಿದ ಮನೆಗಳಲ್ಲಿ ನಿಮ್ಮದೇ ಎಲ್ಲಕ್ಕಿಂತ ಹೆಚ್ಚು ಏರಿದ್ದು, ಹದಿನಾರರಿಂದ ಮೂವತ್ತೆರಡಕ್ಕೆ. ಅದನ್ನು ದೊಡ್ಡದಾಗಿ ಮುದ್ರಿಸಿ ನನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದಾರೆ. ಹೋಗಿಬರುವವರೆಲ್ಲ ಬೆನ್ನು ತಟ್ಟುತ್ತಾರೆ. “ಅದು ಒಳ್ಳೆ ಸುದ್ದಿ ಅಲ್ಲ ಸಾರ್” ಎಂದು ಮ್ಯಾನೇಜರಿಗೆ ಹೇಳಿದೆ. “ಚೆನ್ನಾಗಿದೆ ಅಂತ ಅವರೇ ಗುರುತು ಹಾಕಿದ್ದಾರಲ್ಲಮ್ಮ” ಎಂದರು. ಹೇಗೆ ತಿಳಿಸಿ ಹೇಳಲಿ? ನಲವತ್ತೊಂದು ಮನೆಗಳ ಫಾರಂಗಳನ್ನೂ ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದೇನೆ. ಬಹಳ ಜನ ಹಿಂದೆ ಬರೆದಿದ್ದಾರೆ ಮಾವ. ಮೊದಲ ಸುತ್ತಿನಲ್ಲಿ ಬರೆದವರು ಹಲವರು ಎರಡನೆಯದರಲ್ಲಿ ಬರೆದಿಲ್ಲ.

ಶನಿವಾರ ಬೆಳಿಗ್ಗೆ ಬರುತ್ತೇನೆ. ಮುಂದಿನ ತಿಂಗಳು ಅಲ್ಲ, ಈ ಶನಿವಾರ, ಟಿಕೆಟ್ ಕೈಯಲ್ಲಿದೆ. ಸೂಜಿಗೂ ಹೇಳಿದ್ದೇನೆ. ಅವಳಿಗೆ ಶನಿವಾರ ಅರ್ಧ ದಿನ ಕೆಲಸ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೀಪದ ಕಡೆ ಸ್ವಲ್ಪ ನೋಡುತ್ತಿರಿ.

ನೀವು ಕೇಳಿದ್ದ ಅಳತೆ ಇಪ್ಪತ್ತೆರಡೂವರೆ ಇಂಚು. ಐದು ತಿಂಗಳು ತಡ. ನೀವು ಅಂದಾಜಿನಲ್ಲಿ ಇಟ್ಟದ್ದೂ ಅಷ್ಟೇ ಇದೆ, ಒಂದು ಎಳೆ ಹೆಚ್ಚು ಕಡಿಮೆಯಿಲ್ಲ. ಎಡತೋಳನ್ನು ನಾನೇ ಕೂಡಿಸಿದ್ದೇನೆ. ಇಪ್ಪತ್ತು ವರ್ಷದ ಮೇಲೆ ಸೂಜಿ ಹಿಡಿದೆ, ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದೆ. ಭುಜದ ಹತ್ತಿರ ಸುಕ್ಕು ಬಿದ್ದಿದೆ, ಒಳಗಡೆಯಂತೂ ಕೇಳಬೇಡಿ. ಅದನ್ನೇ ತೊಟ್ಟುಕೊಂಡು ಬರುತ್ತೇನೆ. ಬಾಗಿಲಲ್ಲೇ ಬಿಚ್ಚಿಸಿ, ಉಲ್ಟಾ ಮಾಡಿ ನೋಡಿ. ಬೈಯಿರಿ, ಹೊಲಿಗೆಯನ್ನೆಲ್ಲ ಕಿತ್ತು ನನ್ನ ಮುಖಕ್ಕೆ ಎಸೆಯಿರಿ, ಮತ್ತೆ ಮೂಲೆಯಲ್ಲಿ ಕೂರಿಸಿ ಮೊದಲಿನಿಂದ ಹೊಲಿಸಿ. ಚೆನ್ನಾಗಿದೆ ಎಂದು ಮಾತ್ರ ಹೇಳಬೇಡಿ ಮಾವ.

ನಿಮ್ಮ,
ಗುಂಡಿ